ಮೂವತ್ತೊಂದು ರಬ್ಬರ್ ಟೊಪ್ಪಿಗಳು

ಬೇ ಮೊರೋ, ಮಿಸಿಸಿಪಿ
ಮಾರ್ಚ್ 12, 1961, ಭಾನುವಾರ

ಮಗಳೇ ಕ್ಲಿಯೋರಾ,

ಇವತ್ತು ಬೆಳಗಿನ ಆರಾಧನೆಯಲ್ಲಿ, ಎರಡನೆಯ ಗೀತೆ ಮುಗಿದ ಮೇಲೆ, ಪಾಸ್ಟರ್ ಟಾಲಿವರ್ ಎದ್ದು ನಿಂತು ಒಂದು ಸುದ್ದಿ ಪ್ರಕಟಿಸಿದರು. ನ್ಯಾಶ್‌ವಿಲ್‌ನಲ್ಲಿ ಓದುತ್ತಿರುವ ನಮ್ಮ ಸಭೆಯ ಹೆಣ್ಣುಮಗಳೊಬ್ಬಳು ಕರಿಯರನ್ನು ಕೂರಿಸದ ಬಿಳಿಯರ ಹೋಟೆಲಿನಲ್ಲಿ ಊಟಕ್ಕೆ ಕುಳಿತಳಂತೆ, ಏಳು ಎಂದರೆ ಏಳಲಿಲ್ಲವಂತೆ, ಮೂರು ದಿನ ಜೈಲಿನಲ್ಲಿದ್ದು ಹೊರಬಂದಳಂತೆ. ಯಾರಪ್ಪಾ ಆ ಪುಣ್ಯಾತ್ಗಿತ್ತಿ ಎಂದು ನಾನೂ ಕತ್ತು ಹೊರಳಿಸಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಗೊತ್ತಿದ್ದವಳ ಹಾಗೆ ನಕ್ಕೆ. ಆರಾಧನೆ ಮುಗಿಯುವವರೆಗೂ ಆ ನಗುವನ್ನು ಇಳಿಸಲಿಲ್ಲ. ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ದವಡೆ ಇನ್ನೂ ಹಾಗೇ ನಿಂತಿತ್ತು. ಬಾಗಿಲಲ್ಲಿ ಆರ್ಜುಲಾ ಅಕ್ಕ ಕೈ ಹಿಡಿದುಕೊಂಡು, "ಒಂದ್ಮಾತೂ ಬಾಯಿ ಬಿಡ್ಲಿಲ್ವಲ್ಲೇ ವರ್ಡೆಲ್, ಎಂಥಾ ಗಟ್ಟಿಗಿತ್ತಿ ನೀನು!" ಎಂದಳು. ಚರ್ಚಿನ ಮಹಿಳಾ ಸ್ವಾಗತ ಮಂಡಳಿಗೆ ಹನ್ನೆರಡು ವರ್ಷದಿಂದ ಅಧ್ಯಕ್ಷೆಯಾಗಿರುವ ಅವಳು ಈವರೆಗೆ ನನ್ನನ್ನು ಯಾವುದಕ್ಕೂ ಹೊಗಳಿದವಳಲ್ಲ.

ನಿನ್ನ ಕಳೆದ ಪತ್ರವನ್ನು ಈಗ ಮತ್ತೆ ತೆಗೆದು ಓದಿದೆ. ಒಂದು ಪುಟ ಪೂರ್ತಿ ಹವಾಮಾನವಿದೆ. ಜೈಲಿನೊಳಗೆ ಹವೆ ಹೇಗಿತ್ತು ಎಂಬುದನ್ನು ಮಾತ್ರ ಬಿಟ್ಟಿದ್ದೀಯೆ.

ನನ್ನ ಮಾತು ಇಷ್ಟೇ. ನನಗಿರುವುದು ಒಬ್ಬಳು ಮಗಳು, ಒಂದು ಕೇಶಾಲಯ. ನಿನ್ನ ಓದು ನಡೆಯುತ್ತಿರುವುದು ಆ ಕೇಶಾಲಯದಿಂದ. ಕೇಶಾಲಯ ನಡೆಯುತ್ತಿರುವುದು ಗೋಡೆಯ ಮೇಲಿರುವ ಸರ್ಕಾರದ ಲೈಸೆನ್ಸಿನಿಂದ. ಅದನ್ನು ಕೊಟ್ಟವರಿಗೆ ಕಿತ್ತುಕೊಳ್ಳಲು ಒಂದು ನೆಪ ಸಾಕು. ಪಾಸ್ಟರಿಗೆ ಈಗ ನಿನ್ನ ಸುದ್ದಿಯಿಂದ ಹುರುಪು ಬಂದಿದೆ. ಬಿಳಿಯರಿಗೆ ಮಾತ್ರ ಮೀಸಲಾದ ನಮ್ಮೂರಿನ ಕಡಲತೀರಕ್ಕೆ ಒಂದು ಭಾನುವಾರ ನಮ್ಮವರನ್ನೆಲ್ಲ ಕರೆದುಕೊಂಡು ಹೋಗಿ ನೀರಿಗೆ ಇಳಿಸುತ್ತಾರಂತೆ. ಆ ಮರಳಿನ ಮೇಲೆ ನಾನು ಕಾಲಿಟ್ಟದ್ದು ಮೂವತ್ತು ವರ್ಷದ ಹಿಂದೆ, ಬಿಳಿಯರ ಮಗುವೊಂದನ್ನು ಎತ್ತಿಕೊಂಡು. ಮಗು ಕಂಕುಳಲ್ಲಿದ್ದರೆ ಯಾರೂ ಏನೂ ಅನ್ನುವುದಿಲ್ಲ. ನನ್ನ ಹೆಸರು ಬರೆದುಕೊಳ್ಳಬೇಡಿ ಎಂದು ಪಾಸ್ಟರಿಗೆ ಸ್ಪಷ್ಟವಾಗಿ ಹೇಳಿದ್ದೇನೆ.

ನಿನ್ನ ತಾಯಿ,
ವರ್ಡೆಲ್ ಪಿಂಕ್ನಿ
(ಪೂರ್ತಿ ಹೆಸರು ಬರೆದಿರುವುದು ಕೋಪದಿಂದ.)


ನ್ಯಾಶ್‌ವಿಲ್
ಮಾರ್ಚ್ 21

ಅಮ್ಮಾ,

ತಪ್ಪಾಯಿತು. ಹೇಳಬೇಕಿತ್ತು. ಪ್ರತಿ ಸಲ ಬರೆಯಲು ಕುಳಿತಾಗಲೂ ಹವಾಮಾನದಿಂದ ಶುರುಮಾಡುತ್ತಿದ್ದೆ, ಅಷ್ಟರಲ್ಲಿ ಪುಟ ಮುಗಿಯುತ್ತಿತ್ತು.

ಜೈಲಿನಲ್ಲಿ ಏನೂ ಆಗಲಿಲ್ಲ. ಹಾಡು ಹೇಳಿದೆವು.

ಪಾಸ್ಟರಿಗೆ ಕೆಲವು ವಿಷಯ ತಿಳಿಸು. ಮೊದಲು ತಾಲೀಮು ಬೇಕು. ಅರ್ಧ ಜನ ಪೊಲೀಸರಾಗಿ ಬಯ್ಯಬೇಕು, ತಳ್ಳಬೇಕು. ಉಳಿದವರು ತಿರುಗಿ ಕೈ ಎತ್ತದೆ ತಡೆದುಕೊಳ್ಳಬೇಕು. ಇದು ನೋಡಲು ಸುಲಭ, ಮಾಡಲು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ದಿನ ಯಾವುದು ಎಂಬುದು ಹೊರಗೆ ಹೋಗಬಾರದು.

ಇನ್ನೊಂದು ಮಾತು, ಸಿಟ್ಟಾಗಬೇಡ. ಸಭೆ ಸೇರಲು ನಿನ್ನ ಕೇಶಾಲಯದಷ್ಟು ಒಳ್ಳೆಯ ಜಾಗ ಊರಿನಲ್ಲಿ ಇಲ್ಲ. ಅಡುಗೆಯವರಿಗೆ ಯಜಮಾನಿ ಇದ್ದಾಳೆ, ಟೀಚರುಗಳಿಗೆ ಶಾಲಾ ಮಂಡಳಿ ಇದೆ. ನಿನ್ನ ಬಾಗಿಲೊಳಗೆ ಮಾತ್ರ ಬಿಳಿಯರು ಯಾರೂ ಬರುವುದಿಲ್ಲ. ಯೋಚನೆ ಮಾಡು.

ನಿನ್ನ ಮಗಳು,
ಕ್ಲಿಯೋರಾ


ಬೇ ಮೊರೋ
ಏಪ್ರಿಲ್ 9, ಭಾನುವಾರ

ಮಗಳೇ,

ನೀನು ಹೇಳಿದ ತಾಲೀಮು ಚರ್ಚಿನಲ್ಲಿ ನಡೆಯಿತು. ನಾನು ಹಿಂದಿನ ಬೆಂಚಿನಿಂದ ನೋಡಿದೆ. ಸಭೆಯ ಹಿರಿಯ ಡೀಕನ್ ವೈಲಿಯನ್ನು ಪೊಲೀಸರ ಮುಖ್ಯಸ್ಥ ಷೆರಿಫ್ ಮಾಡಿದರು. ನಲವತ್ತು ವರ್ಷ ಯಾರಿಗೂ ಎದುರಾಡದ ಆ ಮನುಷ್ಯನ ಹೊಟ್ಟೆಯಲ್ಲಿ ಅಷ್ಟೊಂದು ಷೆರಿಫ್ ಇದ್ದದ್ದು ಯಾರಿಗೂ ತಿಳಿದಿರಲಿಲ್ಲ. ಬೆಂಚು ಗುದ್ದಿದ, ಟೊಪ್ಪಿ ಎಸೆದ, ಆರ್ಜುಲಾ ಅಕ್ಕನ ಮುಖದ ಹತ್ತಿರ ಮುಖ ತಂದು, "ಏಯ್ ಮುದ್ಕಿ, ಎದ್ದೇಳೇ ಮೇಲೆ!" ಎಂದ. ಆಕೆ ಕೈಚೀಲ ಬೀಸಿದಳು. ಚೀಲದಲ್ಲಿ ಕೀರ್ತನೆಗಳ ದೊಡ್ಡ ಪುಸ್ತಕವಿತ್ತು.

"ಅಕ್ಕಾ, ತಿರುಗಿ ಹೊಡೀಬಾರ್ದು!" ಎಂದು ಪಾಸ್ಟರ್ ಕೂಗಿದರು.

"ಷೆರಿಫನಿಗೆ ಹೊಡೆಯೋದಿಲ್ಲ ಪಾಸ್ಟರ್, ಮಾತು ಕೊಡ್ತೀನಿ. ಇವನು ವೈಲಿ. ಇವನ ಮದುವೇಲಿ ನಾನು ಕೋಳಿ ಹುರಿದಿದೀನಿ."

ಡೀಕನ್‌ಗೆ ಹಣೆಯ ಮೇಲೆ ನಾಲ್ಕು ದಿನ ಬುಗುಟು ಇತ್ತು.

ಆದರೂ ಹೆಂಗಸರೆಲ್ಲ ಒಪ್ಪಿದರು. ಜೈಲಿಗೆ ಒಪ್ಪಿದರು, ಕೆಲಸ ಹೋಗುವುದಕ್ಕೂ ಒಪ್ಪಿದರು. ದಿನವೂ ಗೊತ್ತಾಯಿತು: ಮೇ ಏಳು, ಮಧ್ಯಾಹ್ನ ಎರಡು ಗಂಟೆ. ಕೊನೆಯಲ್ಲಿ ಪಾಸ್ಟರ್, "ಸುಮ್ನೆ ಮರಳಲ್ಲಿ ನಿಂತ್ರೆ ಸಾಲದು, ನೀರಿಗಿಳೀಬೇಕು," ಎಂದರು.

"ನೀರು ಅಂದ್ರೆ, ಎಷ್ಟು ನೀರು?" ಎಂದು ಆರ್ಜುಲಾ ಅಕ್ಕ ಕೇಳಿದಳು.

"ಸೊಂಟದವರೆಗೆ."

"ಅಲೆ ಬಂದ್ರೆ?"

"ಅಲೆ ಬಂದ್ರೆ ಬರುತ್ತೆ, ಅಕ್ಕಾ."

"ಪಾಸ್ಟರ್, ನಾವು ಶನಿವಾರ ತಲೆ ಮಾಡಿಸ್ಕೊಂಡಿರ್ತೀವಿ."

ಪಾಸ್ಟರಿಗೆ ಅರ್ಥವಾಗಲಿಲ್ಲ, ಅವರ ತಲೆ ಬೋಳು. ಕಾದ ಬಾಚಣಿಗೆ ಎಳೆದು ನೇರ ಮಾಡಿದ ಕೂದಲಿಗೆ ನೀರು ಸೋಕಿದರೆ ನನ್ನ ಎರಡು ಗಂಟೆಯ ಕೆಲಸ ಎರಡು ನಿಮಿಷದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ ಎಂಬುದನ್ನು ಅವರಿಗೆ ವಿವರಿಸಲು ಹತ್ತು ನಿಮಿಷ ಹಿಡಿಯಿತು. "ಪೇಪರ್‌ನವರು ಫೋಟೋ ತೆಗೀತಾರೆ. ಜೈಲಲ್ಲೂ ತೆಗೀತಾರೆ. ಚಿಕಾಗೋದಲ್ಲಿರೋ ನಮ್ಮ ನಾದಿನಿ ನೋಡ್ತಾಳೆ," ಎಂದು ಯಾರೋ ಹಿಂದಿನಿಂದ ಹೇಳಿದರು.

ನಾನು ಇದಕ್ಕೆಲ್ಲ ಸೇರಿದವಳಲ್ಲ. ಆದರೆ ಮರುದಿನ ಎಲ್ಲರೂ ಕೇಶಾಲಯಕ್ಕೇ ಬಂದು, ಉಪ್ಪುನೀರಿಗೆ ತಡೆಯುವ ಎಣ್ಣೆ ಉಂಟೇ ಎಂದು ಕೇಳಿದರು. ಇಲ್ಲ ಎಂದೆ. ಈಜುವವರು ಹಾಕುವ ರಬ್ಬರ್ ಟೊಪ್ಪಿಯಾದರೆ ತಡೆಯಬಹುದು ಎಂದೆ. ವೃತ್ತಿಯವಳಾಗಿ ಕೊಟ್ಟ ಅಭಿಪ್ರಾಯ ಅದು, ಅಷ್ಟೇ.

ಇಂತಿ,
ಅಮ್ಮ


ನ್ಯಾಶ್‌ವಿಲ್
ಏಪ್ರಿಲ್ 14

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಟೊಪ್ಪಿಗಳನ್ನು ಎಲ್ಲರೂ ಒಂದೇ ಅಂಗಡಿಯಲ್ಲಿ ಕೊಳ್ಳದಂತೆ ನೋಡಿಕೋ. ಒಬ್ಬಿಬ್ಬರು ಮೊಬೀಲ್ ನಗರಕ್ಕೆ ಹೋಗಿ ತರಲಿ. ಬಿಳಿಯರ ಅಂಗಡಿಯವರು ಮೂರ್ಖರಲ್ಲ.

ಕ್ಲಿಯೋರಾ


ಬೇ ಮೊರೋ
ಏಪ್ರಿಲ್ 15, ಶನಿವಾರ

ಮಗಳೇ,

ಒಂದು ಕೆಲಸ ಕೆಟ್ಟಿದೆ.

ಸ್ವಾಗತ ಮಂಡಳಿಯ ಮೂವತ್ತೊಂದು ಹೆಂಗಸರೂ ನಾಲ್ಕು ದಿನದೊಳಗೆ, ಪೇಟೆ ಬೀದಿಯ ಅದೇ ಅಂಗಡಿಗೆ ಹೋಗಿ, ಬಿಳಿಯರ ಮಿಸ್ ಫ್ಲೋರೀನ್ ನಿಂತಿರುವ ಅದೇ ಕೌಂಟರಿನಲ್ಲಿ ಮೂವತ್ತೊಂದು ಟೊಪ್ಪಿ ಕೊಂಡಿದ್ದಾರೆ. ಬೇರೆ ಬೇರೆ ಹೊತ್ತಿನಲ್ಲಿ ಹೋದರೆ ಸಾಕು, ಯಾರಿಗೂ ತಿಳಿಯುವುದಿಲ್ಲ ಎಂದು ತೀರ್ಮಾನಿಸಿದ್ದರಂತೆ. ಯಾತಕ್ಕೆ ಎಂದು ಆಕೆ ಕೇಳಿದ್ದಾಳೆ. ಏನು ಉತ್ತರ ಕೊಡಬೇಕೆಂದು ಯಾರೂ ಮಾತಾಡಿಕೊಂಡಿರಲಿಲ್ಲ. ಒಬ್ಬಳು ಬ್ರೆಡ್ಡಿನ ಹಿಟ್ಟು ಮುಚ್ಚಿಡಲು ಎಂದಿದ್ದಾಳೆ. ಒಬ್ಬಳು ಸೋರುವ ಸೂರಿಗೆ ಎಂದಿದ್ದಾಳೆ. ಒಬ್ಬಳು ಗಂಡನ ಮೊಣಕಾಲಿನ ವಾತಕ್ಕೆ ಎಂದಳಂತೆ. ಆರ್ಜುಲಾ ಅಕ್ಕ ಸುಳ್ಳು ಹೇಳುವುದಿಲ್ಲವಲ್ಲ; "ತಲೆಗೆ," ಎಂದು ಹೇಳಿ ಹೊರಟು ಬಂದಳಂತೆ.

ನಿನ್ನೆ ಷೆರಿಫನ ಡೆಪ್ಯುಟಿ ಹ್ಯಾಸ್ಕೆಲ್ ಕೇಶಾಲಯಕ್ಕೆ ಬಂದ. ಆರ್ಜುಲಾ ಅಕ್ಕನ ತಲೆ ಅದೇ ತಾನೇ ಮುಗಿಸಿದ್ದೆ. ಬಹಳ ಚೆನ್ನಾಗಿ ಬಂದಿತ್ತು.

"ಏನ್ ವರ್ಡೆಲ್, ವ್ಯಾಪಾರ ಜೋರಾ?"

"ದೇವ್ರ ದಯೆ, ಸಾರ್."

"ನಿಮ್ಮ ಹೆಂಗಸ್ರು ಮೂವತ್ತೊಂದು ಈಜೋ ಟೊಪ್ಪಿ ತಗೊಂಡಿದಾರಂತೆ. ನನಗೆ ತಿಳಿದ ಮಟ್ಟಿಗೆ ಈ ಊರಲ್ಲಿ ನಿಮ್ಮವ್ರು ಈಜೋ ಜಾಗ ಒಂದೂ ಇಲ್ಲ."

"ಇಲ್ಲ ಸಾರ್. ಸರಿಯಾಗೇ ತಿಳಿದಿದೆ ನಿಮಗೆ."

"ಮತ್ತೆ?"

ಬಾಯಿಗೆ ಬಂದದ್ದನ್ನು ಹೇಳಿದೆ. ಹೊಸ ಆರೈಕೆ ಸಾರ್, ಕೂದಲಿಗೆ ಮೊಟ್ಟೆ ಹಚ್ಚಿ, ರಬ್ಬರ್ ಟೊಪ್ಪಿ ಹಾಕಿ, ನಲವತ್ತು ನಿಮಿಷ ಕೂರಿಸ್ತೀವಿ, ಬೇರು ಗಟ್ಟಿಯಾಗುತ್ತೆ.

"ಹೌದಾ? ಮಾಡು, ನೋಡೋಣ," ಎಂದು ಕುರ್ಚಿ ಎಳೆದುಕೊಂಡು ಕುಳಿತ.

ಮೊಟ್ಟೆ ಇದ್ದವು, ಆರ್ಜುಲಾ ಅಕ್ಕನೇ ನನಗೆ ಕೊಡಲೆಂದು ಮನೆಯ ಕೋಳಿಯದು ತಂದಿದ್ದಳು. ಕನ್ನಡಿಯಲ್ಲಿ ಅವಳ ಕಣ್ಣು ನೋಡಿದೆ. ಅವಳು ನನ್ನ ಕಣ್ಣು ನೋಡಿದಳು. ನಾಲ್ಕು ಮೊಟ್ಟೆ ಒಡೆದೆ. ಎರಡು ಗಂಟೆಯ ಕೆಲಸದ ಮೇಲೆ, ಅವಳ ಕೋಳಿಯ ಮೊಟ್ಟೆ, ಒಂದಾದ ಮೇಲೊಂದು, ಕೊನೆಗೆ ಅವಳ ಚೀಲದಲ್ಲಿದ್ದ ಹೊಸ ಟೊಪ್ಪಿ. ತಾಲೀಮಿನಲ್ಲಿ ಬಾರದ ಸಹನೆ ಆ ಕುರ್ಚಿಯಲ್ಲಿ ಅವಳಿಗೆ ಬಂತು. ಮೂಗಿನ ತುದಿಯಿಂದ ಲೋಳೆ ಇಳಿಯುತ್ತಿದ್ದರೂ ಅಲುಗಲಿಲ್ಲ. "ಹಾಯಾಗಿದೆ," ಎಂದಳು.

ಡೆಪ್ಯುಟಿ ನಲವತ್ತು ನಿಮಿಷ ಕಾದು ಎದ್ದು ಹೋದ. ನಂಬಿದ ಹಾಗೆ ಕಾಣಲಿಲ್ಲ.

ಇಂತಿ,
ಅಮ್ಮ

(ನಿನ್ನ ಪತ್ರ ಇದನ್ನು ಅಂಚೆಗೆ ಹಾಕುವ ಮೊದಲು ಬಂತು. ಉಪದೇಶ ಚೆನ್ನಾಗಿದೆ.)


ಬೇ ಮೊರೋ
ಏಪ್ರಿಲ್ 26

ಮಗಳೇ,

ಒಂದು ವಿಚಿತ್ರ, ಒಂದು ಕೆಟ್ಟ ಸುದ್ದಿ. ವಿಚಿತ್ರದಿಂದ ಶುರುಮಾಡುತ್ತೇನೆ.

ಕಳೆದ ಬುಧವಾರ ಯಾರೋ ಕೇಶಾಲಯದ ಹಿಂಬಾಗಿಲು ತಟ್ಟಿದರು. ತೆಗೆದರೆ ಮಿಸ್ ಫ್ಲೋರೀನ್, ತಲೆಗೆ ಸ್ಕಾರ್ಫು ಸುತ್ತಿಕೊಂಡು. ಕಟ್ಟಡವನ್ನು ಎರಡು ಸುತ್ತು ಹಾಕಿದಳಂತೆ, ಹಿಂಬಾಗಿಲು ಎಲ್ಲಿರುತ್ತದೆ ಎಂದು ಅವಳಿಗೆ ತಿಳಿಯದು. ಬಿಳಿಯರ ಮನೆಗಳಿಗೆ ಹಿಂಬಾಗಿಲಿನಿಂದ ಹೋಗುವವರು ನಾವು, ಅವಳಿಗೆ ಅದರ ಅಭ್ಯಾಸ ಎಲ್ಲಿಂದ ಬರಬೇಕು.

"ವರ್ಡೆಲ್, ಡೆಪ್ಯುಟಿ ಹೇಳಿದ ಆ ಮೊಟ್ಟೆದು ನಿಜಾನಾ?" ಎಂದು ಪಿಸುಗುಟ್ಟಿದಳು.

ಬಿಳಿಯರ ತಲೆ ಮುಟ್ಟುವುದಕ್ಕೆ ನನ್ನ ಲೈಸೆನ್ಸಿನಲ್ಲಿ ಅನುಮತಿ ಇಲ್ಲ ಎಂದೆ. ಸ್ಕಾರ್ಫು ತೆಗೆದಳು. ನೆತ್ತಿಯಲ್ಲಿ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ತಾಯಿ ತೀರಿಕೊಂಡಾಗಿನಿಂದ ಹೀಗೇ ಎಂದಳು. ಡೆಪ್ಯುಟಿಗೆ ನಮ್ಮ ವಿಷಯ ಹೇಳಿದವಳು ಇವಳೇ ಎಂದು ಗೊತ್ತಿದ್ದೂ ಕುರ್ಚಿ ಎಳೆದುಕೊಟ್ಟೆ. ಏಕೆ ಎಂದು ಕೇಳಬೇಡ. ಅಂಥ ನೆತ್ತಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

"ನಾನು ತೊಂದ್ರೆ ಕೊಡೋಕೆ ಹೇಳಿದ್ದಲ್ಲ," ಎಂದಳು ಟೊಪ್ಪಿಯೊಳಗಿನಿಂದ. "ಮೊಣಕಾಲಿಗೆ ಅಂದ್ಲಲ್ಲ, ಅದು ತಡೀಲಾರ್ದೆ ಹೇಳಿದೆ."

ಸೋಮವಾರ ಮತ್ತೆ ಬಂದಳು, ಜೊತೆಗೆ ಇನ್ನಿಬ್ಬರನ್ನು ಕರೆತಂದಳು. ಅವರಲ್ಲೊಬ್ಬಳು ಮಿಸೆಸ್ ಹ್ಯಾಸ್ಕೆಲ್. ಡೆಪ್ಯುಟಿಯ ಹೆಂಡತಿ, ಕ್ಲಿಯೋರಾ. ಟೊಪ್ಪಿ ಹಾಕಿಕೊಂಡು ಕುಳಿತು, ಗಂಡನ ಗೊರಕೆ, ಅತ್ತೆಯ ನಾಲಿಗೆ ಎಲ್ಲ ಹೇಳಿದಳು. ನಾನೇ ಸೃಷ್ಟಿಸಿದ ಸುಳ್ಳಿಗೆ ಇಷ್ಟು ಬೇಗ ಗಿರಾಕಿಗಳು ಬರುತ್ತಾರೆಂದು ಯಾರಿಗೆ ಗೊತ್ತಿತ್ತು? ಕೆಟ್ಟದ್ದೇನೆಂದರೆ, ಮಿಸ್ ಫ್ಲೋರೀನಳ ನೆತ್ತಿಯಲ್ಲಿ ನಿಜಕ್ಕೂ ನಾಲ್ಕು ಕೂದಲು ಚಿಗುರುತ್ತಿರುವಂತೆ ಕಾಣುತ್ತಿದೆ.

ಈಗ ಕೆಟ್ಟ ಸುದ್ದಿ. ನಿನ್ನೆ ಡೆಪ್ಯುಟಿ ಬಂದು ಲೈಸೆನ್ಸ್ ಮಂಡಳಿಯ ನೋಟಿಸು ಕೊಟ್ಟ. ಅನುಮತಿ ಇಲ್ಲದ ಆರೈಕೆ ನಡೆಸುತ್ತಿದ್ದೇನೆ, ಆದ್ದರಿಂದ ಲೈಸೆನ್ಸ್ ಹಿಂದಿರುಗಿಸಬೇಕು ಎಂದಿದೆ. ಮಂಡಳಿಯಲ್ಲಿ ಅವನ ಭಾವ ಇದ್ದಾನಂತೆ.

"ನಾನು ಹೇಳಿದ್ರೆ ಈ ಕಾಗದ ಮಾಯ ಆಗುತ್ತೆ," ಎಂದ. "ಮೇ ಆರು, ಶನಿವಾರ, ಮಧ್ಯಾಹ್ನ ಹನ್ನೆರಡರೊಳಗೆ, ಇಲ್ಲಿ ಟೊಪ್ಪಿ ಹಾಕ್ಕೊಂಡು ಕೂತ ಹೆಂಗಸ್ರ ಹೆಸರು ಒಂದೂ ಬಿಡದೆ ಬರೆದು ಕೊಡು. ಯಾರ್ಯಾರ ಮನೇಲಿ ಕೆಲಸ ಮಾಡ್ತಾರೆ ಅಂತಾನೂ ಬರಿ."

ಹೆಸರು ಕೊಟ್ಟರೆ ಮೂವತ್ತೊಂದು ಜನರ ಕೆಲಸ ಹೋಗುತ್ತದೆ. ಕೊಡದಿದ್ದರೆ ನನ್ನದು. ನಿನ್ನ ಓದೂ ಅದರಲ್ಲೇ ಇದೆ.

ಇಂತಿ,
ಅಮ್ಮ


ನ್ಯಾಶ್‌ವಿಲ್
ಏಪ್ರಿಲ್ 30

ಅಮ್ಮಾ,

ನಿನ್ನ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಮೂರು ಸಲ ಓದಿದೆ. ಮಿಸೆಸ್ ಹ್ಯಾಸ್ಕೆಲ್ ಬಂದ ಕಡೆ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ನೋಟಿಸಿನ ಭಾಗ ಓದಿ, ಎದ್ದು ಹೋಗಿ ಬಸ್ಸಿನ ವೇಳೆ ವಿಚಾರಿಸಿದೆ.

ನನಗೆ ಗೊತ್ತು ನಿನ್ನ ಬುದ್ಧಿ. ಪಟ್ಟಿ ಕೊಡುವುದಿಲ್ಲ ನೀನು. ಅದು ಸರಿ. ಆದರೆ ಲೈಸೆನ್ಸ್ ಹೋದ ಸಿಟ್ಟಿನಲ್ಲಿ ಏಳನೇ ತಾರೀಕು ನೀನೂ ನೀರಿನ ಕಡೆ ಹೊರಟುಬಿಡುತ್ತೀಯೆ. ಹೋಗಬೇಡ. ಇದನ್ನು ನಾನು ಹೇಳುತ್ತಿದ್ದೇನೆಂದು ನನಗೇ ನಾಚಿಕೆಯಾಗುತ್ತಿದೆ. ತಾಲೀಮು ಮಾಡಿ, ಸಭೆ ಸೇರಿ ಎಂದು ಪತ್ರಗಟ್ಟಲೆ ಬರೆದವಳು ನಾನೇ. ಅವೆಲ್ಲ ಬೇರೆಯವರ ಅಮ್ಮಂದಿರಿಗೆ.

ಜೈಲಿನಲ್ಲಿ ಏನೂ ಆಗಲಿಲ್ಲ ಎಂದಿದ್ದೆ. ಹೋಟೆಲಿನಲ್ಲಿ ಆಯಿತು. ನನ್ನ ಪಕ್ಕ ಕುಳಿತಿದ್ದ ಹುಡುಗಿಯ ಬೆನ್ನ ಮೇಲೆ ಒಬ್ಬ ಸಿಗರೇಟು ಆರಿಸಿದ. ಅವಳು ಅಲುಗಲಿಲ್ಲ. ನಾನೂ ಅಲುಗಲಿಲ್ಲ, ಅಮ್ಮಾ. ಅದೇ ನನಗೆ ಇನ್ನೂ ಕಣ್ಣಿಗೆ ಕಟ್ಟಿರುವುದು. ಇದನ್ನು ಆಗ ಬರೆಯಲಿಲ್ಲ, ನೀನು ನನ್ನನ್ನು ತಡೆಯುತ್ತೀಯೆ ಎಂದು. ಈಗ ಬರೆಯುತ್ತಿದ್ದೇನೆ, ನಿನ್ನನ್ನು ತಡೆಯಬೇಕು ಎಂದು.

ನಾನು ಬಸ್ಸು ಹತ್ತಿ ಬರುತ್ತೇನೆ. ನಿನ್ನ ಬದಲು ನಾನು ನಡೆಯುತ್ತೇನೆ. ಸೋಮವಾರದ ಪರೀಕ್ಷೆ ಹೋದರೆ ಹೋಗಲಿ.

ಕ್ಲಿಯೋರಾ


ಬೇ ಮೊರೋ
ಮೇ 5, ಶುಕ್ರವಾರ

ಮಗಳೇ,

ನೀನು ಬರಬೇಡ. ಪರೀಕ್ಷೆ ಬರೆ. ಆ ಹುಡುಗಿಯ ಬೆನ್ನಿಗೆ ಏನು ಹಚ್ಚಿದರು ಎಂದು ತಿಳಿಸು. ಒಂದು ಮುಲಾಮು ಕಳಿಸುತ್ತಿದ್ದೇನೆ, ಕಲೆ ಪೂರ್ತಿ ಹೋಗುವುದಿಲ್ಲ, ಆದರೆ ಚರ್ಮ ಬಿಗಿಯುವುದಿಲ್ಲ. ನೀನು ಅಲುಗದೆ ಇದ್ದದ್ದರ ವಿಷಯ ನಾವಿಬ್ಬರೂ ಎದುರಿಗೆ ಕುಳಿತಾಗ ಮಾತಾಡೋಣ.

ಮೊನ್ನೆ ಪಾಸ್ಟರೂ ಆರ್ಜುಲಾ ಅಕ್ಕನೂ ಬಂದಿದ್ದರು. ನೋಟಿಸು ತೋರಿಸಿದೆ. ಹಿಂಬಾಗಿಲಿನಿಂದ ಯಾರು ಯಾರು ಬಂದಿದ್ದರು ಎಂದು ಬಾಯಿ ತಪ್ಪಿ ಆಡಿಬಿಟ್ಟೆ. ಆರ್ಜುಲಾ ಅಕ್ಕ ಎದ್ದು ನಿಂತಳು.

"ಟೊಪ್ಪಿ ಹಾಕ್ಕೊಂಡು ಕೂತವ್ರ ಹೆಸರು ತಾನೇ ಕೇಳಿದ್ದು ಅವನು? ಒಂದೂ ಬಿಡಬೇಡ ಅಂದನಲ್ಲ? ಕೊಡು! ಮೊದಲನೇ ಹೆಸರು ಅವನ ಹೆಂಡ್ತೀದು ಬರಿ. ಎರಡನೇದು ಆ ಫ್ಲೋರೀನು. ಆಮೇಲೆ ಜಾಗ ಉಳಿದ್ರೆ ನಮ್ಮದು!"

"ಅಕ್ಕಾ, ಇದು ಬೆದರಿಕೆ ಆಗುತ್ತೆ," ಎಂದರು ಪಾಸ್ಟರ್.

"ಸತ್ಯ ಪಾಸ್ಟರ್, ಬರೀ ಸತ್ಯ. ಅವನೇ ಕೇಳಿದ ಸತ್ಯ."

ಪಾಸ್ಟರ್ ಯೋಚಿಸಿದರು. ಅಂಥ ಪಟ್ಟಿಯನ್ನು ಡೆಪ್ಯುಟಿ ಯಾರಿಗೂ ತೋರಿಸಲಾರ, ನೋಟಿಸು ಮಾಯವಾಗುತ್ತದೆ, ಯಾರ ಕೆಲಸವೂ ಹೋಗುವುದಿಲ್ಲ ಎಂದು ಅವರಿಗೂ ಕಂಡಿತು. ಮುಖದಲ್ಲಿ ಒಂದು ನಗು ಮೂಡಿತು, ತಕ್ಷಣ ಅದನ್ನು ಒರೆಸಿಕೊಂಡರು.

ಪಟ್ಟಿ ಬರೆದೆ. ದುಂಡಗಿನ ಅಕ್ಷರದಲ್ಲಿ, ಮಿಸೆಸ್ ಹ್ಯಾಸ್ಕೆಲ್ ಎಂದು ಮೊದಲ ಸಾಲಿನಲ್ಲಿ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಏನನ್ನೂ ಬರೆದದ್ದಿಲ್ಲ. ಡೆಪ್ಯುಟಿ ಅದನ್ನು ಓದುವಾಗ ಅವನ ಮುಖ ಹೇಗಾಗಬಹುದೆಂದು ನೆನೆಸಿಕೊಂಡು ಒಬ್ಬಳೇ ನಕ್ಕೆ.

ಇವತ್ತು ಬೆಳಿಗ್ಗೆ ಮಿಸ್ ಫ್ಲೋರೀನ್ ಬಂದಳು. ಕುರ್ಚಿಯಲ್ಲಿ ಕುಳಿತು, ಸ್ಕಾರ್ಫು ತೆಗೆದು, ಕೈಗನ್ನಡಿಯಲ್ಲಿ ನೆತ್ತಿ ನೋಡಿಕೊಂಡು ಅತ್ತಳು. "ಇಲ್ಲಿಗೆ ಬಂದಿದ್ದು ಗೊತ್ತಾದ್ರೆ ನನ್ನನ್ನ ಅಂಗಡಿಯಿಂದ ತೆಗೀತಾರೆ, ವರ್ಡೆಲ್," ಎಂದಳು. ಪಟ್ಟಿ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು.

ನಾನು ಅವಳಿಗೆ ಸಾಲ ಬಿದ್ದಿಲ್ಲ. ಅವಳ ಒಂದು ಮಾತಿನಿಂದಲೇ ಇಷ್ಟೆಲ್ಲ ಆದದ್ದು. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ, ಅವಳ ತಲೆ ತೊಳೆಯುತ್ತಲೇ. ಆದರೆ ನನಗೆ ಕೆಲಸ ಕಲಿಸಿದ ಹೆಂಗಸು ಬಾಚಣಿಗೆ ಹಿಡಿಯಲು ಹೇಳಿಕೊಡುವ ಮೊದಲು ಹೇಳಿಕೊಟ್ಟದ್ದು ಒಂದೇ: ಕುರ್ಚಿಯಲ್ಲಿ ಕುಳಿತವರ ಹೆಸರೂ ಮಾತೂ ಬಾಗಿಲು ದಾಟಬಾರದು. ಮೊನ್ನೆ ನಾಲಿಗೆ ಜಾರಿದ್ದನ್ನೂ ನಿನಗೆ ಬರೆದದ್ದನ್ನೂ ಬಿಟ್ಟರೆ ಇಪ್ಪತ್ತಾರು ವರ್ಷ ಅದನ್ನು ಪಾಲಿಸಿದ್ದೇನೆ. ಯಾರ ಗಂಡ ಎಲ್ಲಿ ಮಲಗುತ್ತಾನೆ ಎಂಬುದೆಲ್ಲ ನನಗೆ ಗೊತ್ತು. ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಹಿಂಬಾಗಿಲಿನಿಂದ ಬಂದವರಿಗೆ ಬೇರೆ ನಿಯಮ ಮಾಡಲು ಹೊರಟರೆ, ಅಂಥ ನಿಯಮ ಮಾಡುವವರು ಈ ಊರಿನಲ್ಲಿ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ಅವಳು ಹೋದ ಮೇಲೆ ಪಟ್ಟಿಯನ್ನು ಒಲೆಗೆ ಹಾಕಿದೆ. ಆರ್ಜುಲಾ ಅಕ್ಕನಿಗೆ ತಿಳಿಸಿದೆ. "ಥೂ, ನಿನ್ನ ಮರ್ಯಾದೆಗಿಷ್ಟು!" ಎಂದಳು. ನಂತರ ಎರಡು ಡಜನ್ ಮೊಟ್ಟೆ ಕಳಿಸಿದಳು. ಅದು ಬಯ್ಗುಳವೋ ಕಾಣಿಕೆಯೋ ತಿಳಿಯಲಿಲ್ಲ.

ಈಗ ತೀರ್ಮಾನ. ನಾಳೆ ಹನ್ನೆರಡಕ್ಕೆ ಡೆಪ್ಯುಟಿ ಬಂದಾಗ ಯಾರ ಹೆಸರನ್ನೂ ಕೊಡುವುದಿಲ್ಲ. ಲೈಸೆನ್ಸನ್ನು ನಾನೇ ಗೋಡೆಯಿಂದ ಇಳಿಸಿ ಅವನ ಕೈಗೆ ಕೊಡುತ್ತೇನೆ. ನಿನ್ನ ಓದಿಗೆ ಬಟ್ಟೆ ಒಗೆದಾದರೂ ದುಡಿಯುತ್ತೇನೆ. ಆಮೇಲೆ ನನ್ನನ್ನು ಹೆದರಿಸಲು ಅವರ ಹತ್ತಿರ ಏನೂ ಉಳಿಯುವುದಿಲ್ಲ ಎಂದುಕೊಂಡಿದ್ದೆ. ನಿನ್ನ ಪತ್ರ ಓದಿದ ಮೇಲೆ, ಉಳಿದಿದೆ ಎಂದು ತಿಳಿಯಿತು. ಹೆದರಿಕೆಯಾಗುತ್ತಿದೆ. ನಿನಗೆ ಬೇರೆ ರೀತಿ ಬರೆದರೆ ಅದೂ ಹವಾಮಾನವೇ ಆದೀತು.

ಆದರೂ ಭಾನುವಾರ ಎರಡು ಗಂಟೆಗೆ ನಾನೂ ಅವರ ಜೊತೆ ನೀರಿಗೆ ಇಳಿಯುತ್ತೇನೆ. ಅಂಗಡಿಯಲ್ಲಿ ಟೊಪ್ಪಿ ಮುಗಿದಿವೆಯಂತೆ, ಮಿಸ್ ಫ್ಲೋರೀನ್ ಹೇಳಿದಳು. ಬರಿದಲೆಯಲ್ಲೇ ಇಳಿಯುತ್ತೇನೆ.

ನಿನ್ನ ಪ್ರೀತಿಯ,
ಅಮ್ಮ